ಬಾಯಿ ಮುಚ್ಚಿಕೊಂಡು ಮರ ಹತ್ತಿದವನಿಗೆ

ಬಾನ್ ಪಾ ಲಾನ್, ಲಾಂಫೂನ್
ಫೆಬ್ರವರಿ 9

ಈ ಕಾಗದ ಬಿಚ್ಚಿದವರು ಸಿಂಖಮ್ ಅಲ್ಲದಿದ್ದರೆ ನಾಚಿಕೆಯಾಗಬೇಕು ನಿಮಗೆ. ಇನ್ನೊಬ್ಬರ ಹೆಸರಿನ ಲಕೋಟೆಗೆ ಕೈ ಹಾಕುವ ಬುದ್ಧಿಯನ್ನು ಯಾವ ತಾಯಿ ಕಲಿಸಿದಳು? ಮಡಚಿ, ಅವನ ದಿಂಬಿನ ಮೇಲಿಟ್ಟು ಆಚೆ ಹೋಗಿ. ಬಿಚ್ಚಿದವನು ಸಿಂಖಮನೇ ಆಗಿದ್ದರೆ ಕೂತುಕೋ. ನಿನಗೆ ನಾಚಿಕೆಯೊಂದೇ ಸಾಲದು.

ಹನ್ನೊಂದು ಸಲ ಫೋನ್ ಮಾಡಿಸಿದೆ. ಪಕ್ಕದ ಮನೆಯವಳಿಗೆ ನನ್ನನ್ನು ಕಂಡರೆ ಫೋನನ್ನು ಸೊಂಟದ ಹಿಂದೆ ಬಚ್ಚಿಡುವಷ್ಟು ಬೇಸರ ಬಂದಿದೆ. ನೀನು ಒಂದು ಸಲ ಎತ್ತಿದೆ, "ಆಮೇಲೆ ಮಾಡ್ತೀನಿ ಮೇ ಉಯ್" ಅಂದೆ, ಇಟ್ಟೆ. ಹೆತ್ತವರಿಲ್ಲದ ನಿನ್ನನ್ನು ಸಾಕಿದ ಅಜ್ಜಿಗೆ ಅಷ್ಟೇ ಮಾತು. ಸರಿ. ಕಾಗದವನ್ನು ಹಾಗೆ ನಡುವೆ ನಿಲ್ಲಿಸಲಾಗದು. ನಾನು ಓದಿದ್ದು ನಾಲ್ಕನೇ ಕ್ಲಾಸು, ನನ್ನ ಅಕ್ಷರ ಒಂದೊಂದೂ ಬದನೆಕಾಯಿಯಷ್ಟಿರುತ್ತದೆ. ಕಾಣಲಿಲ್ಲ ಅನ್ನುವ ನೆಪವೂ ನಿನಗಿಲ್ಲ.

ನಿನ್ನೆ ಬೆಳಗ್ಗೆ ಹುದುಗಿಸಿದ ಸೋಯಾ ಬಿಲ್ಲೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ಪಾ ಸೆಂಗ್ ಬಂದು ಗೇಟಿನ ಹೊರಗೇ ನಿಂತಳು. ನಿನ್ನ ಜೊತೆ ಕೊಂಬೆ ಕಡಿಯುವ ತಂಡದಲ್ಲಿರುವ ಲುಂಗ್ ತಿಪ್‌ನ ಹೆಂಡತಿ, ಮೂವತ್ತು ವರ್ಷದಿಂದ ಕೇಳದೆ ನನ್ನ ಅಡುಗೆಮನೆಗೆ ನುಗ್ಗಿ ಉಪ್ಪು ತೆಗೆದುಕೊಂಡು ಹೋಗುವವಳು, ಗೇಟಿನ ಹೊರಗೆ ನಿಂತಳು.

"ಒಳಗೆ ಬಾರೇ," ಅಂದೆ.

"ಒಳಗೆ ಬರೋ ಕಾಲ ಮುಗೀತು ಮೇ ಉಯ್. ನಿಮ್ಮ ಮೊಮ್ಮಗ ನನ್ನ ಗಂಡನ ತೊಡೆ ಮುರಿದು ಹನ್ನೆರಡು ದಿನ ಆಯ್ತು. ಹೇಳಿದ್ನಾ ನಿಮಗೆ?"

ನನ್ನ ಕೈಯಲ್ಲಿದ್ದ ಬಿಲ್ಲೆ ಮಣ್ಣಿಗೆ ಬಿತ್ತು.

"ಮರದ ಮೇಲಿಂದ ಕೊಂಬೆ ಬಿಟ್ಟ. ಕೂಗಲಿಲ್ಲ. ಕೆಳಗಿರೋದು ಮನುಷ್ಯನಾ ಬಾಳೆದಿಂಡಾ ಅಂತ ಒಂದು ಮಾತು ಕೇಳಲಿಲ್ಲ. ಆ ಊರಿನ ಆಸ್ಪತ್ರೇಲಿ ಮೂಳೆಗೆ ಕಬ್ಬಿಣ ಹಾಕಿ ಮಲಗಿಸಿದ್ದಾರೆ. ನೀವಿಲ್ಲಿ ಬಿಲ್ಲೆ ಒಣಗಿಸ್ಕೊಂಡಿರಿ!"

ಇಡೀ ಬೀದಿ ಕೇಳಿತು. ಎದುರು ಮಾತಾಡದೆ ನಾನು ನಿಂತದ್ದನ್ನು ಈ ಬೀದಿ ಇದೇ ಮೊದಲು ನೋಡಿದ್ದು.

ಉಳಿದದ್ದನ್ನೂ ಅವಳಿಂದಲೇ ಕೇಳಬೇಕಾಯಿತು. ನಿಮ್ಮ ತಂಡದ ಯಜಮಾನಿ ಓರಸಾ ನಿನ್ನನ್ನು ಹಗ್ಗದಿಂದ ಇಳಿಸಿ ಕೈಗೆ ಪೊರಕೆ ಕೊಟ್ಟಿದ್ದಾಳಂತೆ. ಯಾಕೆ ಕೂಗಲಿಲ್ಲ ಅಂತ ತಂಡದ ಎಲ್ಲರ ಮುಂದೆ ನಿಂತು ಹೇಳುವ ತನಕ ಮರ ಮುಟ್ಟುವಂತಿಲ್ಲವಂತೆ. ಏಪ್ರಿಲ್ ಹೊಸ ವರ್ಷದ ಹಬ್ಬದೊಳಗೆ ಬಾಯಿ ಬಿಡದಿದ್ದರೆ ತಂಡದಿಂದಲೇ ಹೊರಗಂತೆ. ನೀನು "ಮರೆತೆ" ಅಂದೆಯಂತೆ. ಅವಳು "ಅದು ಕಾರಣ ಅಲ್ಲ" ಅಂದಳಂತೆ. ಆ ಹೆಂಗಸಿನ ಮುಖ ನಾನು ನೋಡಿಲ್ಲ, ಆದರೆ ಅವಳ ಮಾತು ನನಗೆ ಹಿಡಿಸಿತು.

ಹೋದ ಹಬ್ಬಕ್ಕೆ ಬಂದಾಗ ಹಿತ್ತಲಿನ ಲೊಂಗನ್ ಹಣ್ಣಿನ ಮರಕ್ಕೆ ಹಗ್ಗ ಹಾಕಿ ನನಗೆ ಪಾಠ ಮಾಡಿದವನು ನೀನೇ. ನಾನು ಸೊಪ್ಪು ಬಿಡಿಸುತ್ತಾ ಕೇಳಿದೆ, ಒಂದೂ ಮರೆತಿಲ್ಲ. ಮರದಲ್ಲಿ ಚೈನ್ ಗರಗಸ ಮುಟ್ಟುವ ಮೊದಲು ಎರಡು ಕಡೆ ಕಟ್ಟಿಕೊಳ್ಳಬೇಕು, ಮೇಲಿನ ಹಗ್ಗ ಒಂದು, ಕಾಂಡ ಬಳಸಿದ ತಂತಿಯ ಪಟ್ಟಿ ಇನ್ನೊಂದು, ಒಂದನ್ನು ಮಷಿನ್ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಎಷ್ಟೇ ಹಗುರವಾಗಿದ್ದರೂ ಎರಡೂ ಕೈ ಮಷಿನ್ ಮೇಲೇ ಇರಬೇಕು, ಇಲ್ಲದಿದ್ದರೆ ಅದರ ಮೂತಿ ಎಗರಿ ಕತ್ತಿಗೆ ಬರುತ್ತದೆ. ಮೊದಲು ಕೊಂಬೆಯ ಅಡಿಗೆ ಗಾಯ ಮಾಡಬೇಕು, ಆಮೇಲೆ ಮೇಲಿನಿಂದ ಕುಯ್ಯಬೇಕು, ಇಲ್ಲದಿದ್ದರೆ ತೊಗಟೆ ಸೀಳಿಕೊಂಡು ಕೊಂಬೆ ನಿನ್ನ ಕಡೆಗೇ ಜೋತುಬೀಳುತ್ತದೆ. ಇಷ್ಟಕ್ಕೂ ಮುಂಚೆ ಮಷಿನ್ನಿಗೆ ಬ್ರೇಕ್ ಹಾಕಿ "ಕೆಳಗೆ ಖಾಲಿನಾ?" ಅಂತ ಕೂಗಬೇಕು, ಕೆಳಗಿನವನು "ಖಾಲಿ" ಅಂತ ತಿರುಗಿ ಕೂಗದೆ ಬ್ರೇಕ್ ಬಿಡಬಾರದು.

ಇಷ್ಟು ಗೊತ್ತಿದ್ದವನ ಬಾಯಿಗೆ ಅವತ್ತು ಏನಾಗಿತ್ತು? ಒಂದೂವರೆ ವರ್ಷದ ಕೂಸಾಗಿದ್ದಾಗಿನಿಂದ ಸುಮ್ಮನಿರದ ಬಾಯಿ ಅದು. ಬರಿ. ನಿಜ ಬರಿ.

ನಿನ್ನ ಮೇ ಉಯ್, ಖಮ್‌ಮೂನ್


ಚಂತಬುರಿ
ಫೆಬ್ರವರಿ 17

ಪ್ರೀತಿಯ ಮೇ ಉಯ್‌ಗೆ, ಸಿಂಖಮ್ ಮಾಡುವ ನಮಸ್ಕಾರಗಳು.

ಕಾಗದ ತಲುಪಿತು. ನಿಮಗೆ ನಾನೇ ತಿಳಿಸಬೇಕಿತ್ತು. ನೀವು ಊಟ ಬಿಡುತ್ತೀರಿ ಎಂದು ತಿಳಿಸಲಿಲ್ಲ. ಲುಂಗ್ ತಿಪ್ ಈಗ ಚೇತರಿಸಿಕೊಳ್ಳುತ್ತಿದ್ದಾರೆ. ದಿನವೂ ಸಂಜೆ ಹೋಗಿ ನೋಡಿಕೊಂಡು ಬರುತ್ತೇನೆ, ಗಂಜಿ ಒಯ್ದು ಕೊಡುತ್ತೇನೆ. ತಲೆಗೆ ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು.

ಯಾಕೆ ಕೂಗಲಿಲ್ಲವೆಂದು ಕೇಳಿದಿರಿ. ಮರೆತೆ. ಮಷಿನ್ ಸದ್ದು ಬಹಳ ಇತ್ತು, ಕಿವಿಗೆ ಮುಚ್ಚಳ ಹಾಕಿಕೊಂಡಿದ್ದೆ. ಕೆಲಸದಲ್ಲಿ ಹೀಗಾಗುವುದುಂಟು. ಪಾ ಸೆಂಗ್ ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ.

ನಾನು ಚೆನ್ನಾಗಿದ್ದೇನೆ. ಎಲೆ ಗುಡಿಸುವುದು ಕಷ್ಟದ ಕೆಲಸವಲ್ಲ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳಿ.

ಸಿಂಖಮ್


ಬಾನ್ ಪಾ ಲಾನ್
ಫೆಬ್ರವರಿ 24

ಸಿಂಖಮ್,

ನನ್ನ ಮಂಡಿಯ ಸುದ್ದಿ ನಿನಗೆ ಬೇಡ. ಮಂಡಿ ನಿನಗಿಂತ ನಿಯತ್ತಿನದು, ನೋವಾದರೆ ನೋವು ಅನ್ನುತ್ತದೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಷಿನ್ ಸದ್ದು ಇತ್ತು ಅಂತ ಬರೆದಿದ್ದೀಯ. ಕೂಗಬೇಕಾದ ಹೊತ್ತಿನಲ್ಲಿ ಮಷಿನ್ ಸುಮ್ಮನಿರುತ್ತದೆ, ಬ್ರೇಕ್ ಹಾಕಿ ಸೊಂಟಕ್ಕೆ ನೇತುಹಾಕಿಕೊಂಡಿರುತ್ತೀಯ ಅಂತ ಹೇಳಿಕೊಟ್ಟವನು ನೀನು. ಕಿವಿಗೆ ಮುಚ್ಚಳ ಇತ್ತಂತೆ. ಕೂಗುವುದು ಕಿವಿಯಿಂದಲೇನೋ? ಸುಳ್ಳು ಹೇಳುವುದೇ ಆದರೆ ನನಗೆ ಗೊತ್ತಿಲ್ಲದ ವಿಷಯದಲ್ಲಿ ಹೇಳು.

ಮೂರು ದಿನ ಯೋಚಿಸಿದೆ. ನೀನು ಕುಡಿದಿದ್ದೆ ಅಂತ ಮೊದಲು ಅನ್ನಿಸಿತು. ನಿನ್ನ ಅಪ್ಪನ ರಕ್ತ ಅಲ್ಲವಾ. ಆಮೇಲೆ ಅದು ಬೆಳಗಿನ ಹತ್ತು ಗಂಟೆ, ಶಾಲೆಯ ಅಂಗಳ ಅಂತ ತಿಳಿಯಿತು. ಅಷ್ಟು ಬೇಗ ನಿನ್ನ ಅಪ್ಪ ಕೂಡ ಶುರು ಮಾಡುತ್ತಿರಲಿಲ್ಲ. ಹಾಗಾದರೆ ಯಾವಳೋ ಟೀಚರು ಕೆಳಗೆ ನಿಂತು ನೋಡುತ್ತಿದ್ದಳು, ನೀನು ಮೇಲೆ ಎದೆ ಉಬ್ಬಿಸಿಕೊಂಡು ನಿಂತಿದ್ದೆ, ಕೂಗಿದರೆ ಅಂದ ಕೆಡುತ್ತದೆ ಅಂತ ಸುಮ್ಮನಾದೆ. ಹೌದಾ? ಅದೂ ಅಲ್ಲವಾದರೆ ತಿಪ್‌ನ ಜೊತೆ ಮಾತು ಬಿಟ್ಟಿದ್ದೆಯಾ? ಜಗಳವಾಡಿದ್ದಿರಾ? ನೀನು ಸಿಟ್ಟು ಬಂದರೆ ಮಾತು ಬಿಡುವವನು, ಏಳು ವರ್ಷದವನಿದ್ದಾಗ ನನ್ನ ಜೊತೆ ನಾಲ್ಕು ದಿನ ಬಿಟ್ಟಿದ್ದೆ. ಅಂಥ ಸಿಟ್ಟನ್ನು ಮರದ ಮೇಲೆ ಹೊತ್ತುಕೊಂಡು ಹೋಗಿದ್ದರೆ, ಸಿಂಖಮ್, ನಿನಗೆ ಪೊರಕೆಯೂ ಜಾಸ್ತಿ.

ಕ್ಷಮೆಯನ್ನು ನನ್ನ ಕೈಯಲ್ಲಿ ಕೇಳಿಸುತ್ತೀಯ? ಹೋದೆ. ಸೆಂಗ್ ನಾಯಿಗೆ ಅನ್ನ ಹಾಕುತ್ತಿದ್ದಳು.

"ಹುಡುಗ ಕ್ಷಮೆ ಕೇಳಿದ್ದಾನೆ," ಅಂದೆ.

"ಎಲ್ಲಿ? ನಿಮ್ಮ ಸೆರಗಲ್ಲಿ ಕಟ್ಟಿ ಕಳಿಸಿದ್ದಾನಾ? ತೋರ್ಸಿ ನೋಡೋಣ."

ನಾಯಿ ಕೂಡ ನನ್ನನ್ನು ನೋಡಿ ಅತ್ತ ತಿರುಗಿತು. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಮುಂದಿನ ಭಾನುವಾರ ತಿಪ್‌ನನ್ನು ಊರಿಗೆ ಕರೆತರುತ್ತಾರಂತೆ. ನೀನು ಹೇಳದಿದ್ದರೆ ನಾನು ಅವನ ಬಾಯಿಂದ ತೆಗೆಯುತ್ತೇನೆ. ಮಲಗಿರುವ ಮನುಷ್ಯ, ಎದ್ದು ಓಡಲಾರ.

ಮೇ ಉಯ್


ಚಂತಬುರಿ
ಮಾರ್ಚ್ 2

ಮೇ ಉಯ್,

ಜಗಳ ಇರಲಿಲ್ಲ. ಟೀಚರೂ ಇರಲಿಲ್ಲ. ತಪ್ಪು ನನ್ನದು ಎಂದು ಒಪ್ಪಿಕೊಂಡ ಮೇಲೆ ಇನ್ನೇನು ಬೇಕು ನಿಮಗೆಲ್ಲ? ಪೀ ಓರಸಾ ದಿನಾ ಬೆಳಗ್ಗೆ ಒಂದೇ ಪ್ರಶ್ನೆ ಕೇಳುತ್ತಾರೆ. ನೀವು ಕಾಗದದಲ್ಲಿ ಕೇಳುತ್ತೀರಿ. ನಾನು ಗುಡಿಸುತ್ತೇನೆ. ಹಬ್ಬ ಕಳೆದರೆ ಬೇರೆ ಕೆಲಸ ಹುಡುಕುತ್ತೇನೆ. ಅಷ್ಟೇ.

ದಯವಿಟ್ಟು ಲುಂಗ್ ತಿಪ್ ಮನೆಗೆ ಹೋಗಬೇಡಿ. ಅವರಿಗೆ ವಿಶ್ರಾಂತಿ ಬೇಕು. ಬೇಡಿಕೊಳ್ಳುತ್ತೇನೆ.

ಸಿಂಖಮ್


ಬಾನ್ ಪಾ ಲಾನ್
ಮಾರ್ಚ್ 8

ಸಿಂಖಮ್,

ನೀನು ಹೋಗಬೇಡ ಅಂತ ಬರೆದ ಕಾಗದ ಬೆಳಗ್ಗೆ ಬಂತು. ಮಧ್ಯಾಹ್ನದ ಹೊತ್ತಿಗೆ ನಾನು ಅಲ್ಲಿದ್ದೆ. ಇಪ್ಪತ್ತೇಳು ವರ್ಷ ಸಾಕಿಸಿಕೊಂಡು ಇಷ್ಟೂ ನನ್ನನ್ನು ಅರಿಯಲಿಲ್ಲವಲ್ಲ ನೀನು.

ತಿಪ್, ಮನೆಯ ಕೆಳಗೆ ಕಂಬಗಳ ನಡುವಿನ ನೆರಳಲ್ಲಿ, ಬಿದಿರಿನ ಮಂಚದ ಮೇಲೆ ಮಲಗಿದ್ದ. ಕಾಲಿನ ಕೆಳಗೆ ಎರಡು ದಿಂಬು. ಆನೆಯಂಥ ಮನುಷ್ಯ, ಒಗೆದು ಹಿಂಡಿದ ಹಾಗಾಗಿದ್ದಾನೆ. ಸೆಂಗ್ ಬಾವಿಯ ಹತ್ತಿರ ಇದ್ದಳು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

"ತಿಪ್, ಅವನು ಕುಡಿದಿದ್ನಾ?"

"ಏನ್ ಮಾತು ಅಂತ ಆಡ್ತೀರಿ ಮೇ ಉಯ್."

"ಕೆಳಗೆ ಯಾವಳಾದ್ರೂ ನಿಂತಿದ್ಲಾ?"

"ಕೆಳಗೆ ನಿಂತಿದ್ದವನು ನಾನು. ನನ್ನ ನೋಡಿ ಮಾತು ನಿಂತುಹೋಗೋಕೆ ನಾನೇನು ಸುಂದರೀನಾ?" ಅಂದು ನಗಲು ಹೋದ, ಕಾಲು ಎಳೆದುಕೊಂಡಿತು, ಹಲ್ಲು ಕಚ್ಚಿದ.

"ಮತ್ತೆ ಯಾಕೆ ಕೂಗಲಿಲ್ಲ ಹೇಳು. ನಾನು ಈ ಮಂಚದ ಕಾಲಿಗೆ ಒರಗಿ ಕೂರ್ತೀನಿ. ಹೇಳೋವರೆಗೂ ಏಳಲ್ಲ. ನಿನ್ನ ಹೆಂಡ್ತಿ ಬಂದು ಇಬ್ಬರಿಗೂ ಬೈಯ್ಲಿ."

ಹೆಂಡತಿ ದೂರ ಇದ್ದಾಳಾ ಅಂತ ಬಾವಿಯ ಕಡೆ ನೋಡಿದ. ಆಮೇಲೆ ಅಂದ, "ಬಾಯಲ್ಲಿ ಬುದ್ಧನ್ನ ಇಟ್ಕೊಂಡು ಹೇಗೆ ಕೂಗ್ತಾನೆ ಮೇ ಉಯ್? ಇಟ್ಕೋ ಅಂತ ಕೊಟ್ಟವರು ನೀವೇ ಅಲ್ವಾ?"

ಸಿಂಖಮ್, ನನಗೆ ಒಂದು ಗಳಿಗೆ ಅವನು ಏನು ಹೇಳುತ್ತಿದ್ದಾನೆ ಅಂತಲೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಿನ್ನ ಅಜ್ಜನ ಮಣ್ಣಿನ ಬುದ್ಧ, ಹೆಬ್ಬೆರಳಿನ ಉಗುರಿನಷ್ಟಿರುವ ರಕ್ಷೆ. ನೀನು ಆ ಕೆಲಸಕ್ಕೆ ಹೊರಟ ದಿನ ನಾನೇ ನಿನ್ನ ಅಂಗೈಗೆ ಹಾಕಿದೆ. ಮರ ಹತ್ತುವಾಗ ನಾಲಿಗೆಯ ಮೇಲಿಟ್ಟುಕೋ, ನೆಲ ಮುಟ್ಟುವ ತನಕ ತೆಗೆಯಬೇಡ, ನಿನ್ನ ಅಜ್ಜ ಹಾಗೇ ಮಾಡುತ್ತಿದ್ದ, ಅವನಿಗೆ ಒಂದು ಗೀರೂ ಆಗಲಿಲ್ಲ ಅಂದೆ. ಆಮೇಲೆ ನಾನೇ ಮರೆತೆ. ಹೇಳಿದವಳು ಮರೆತೆ, ಕೇಳಿದವನು ಎರಡು ವರ್ಷ ಮಾಡಿದೆ.

"ಮೊದಲ ವಾರವೇ ತೊಂದರೆ ಆಯ್ತು," ಅಂದ ತಿಪ್. "ಕೂಗು ಅಂದ್ರೆ ಊಂ ಊಂ ಅಂತಾನೆ. ಬುದ್ಧನ್ನ ಬಾಯಿಂದ ಉಗುಳು ಅಂತ ಹೇಳೋಕಾಗತ್ತಾ? ನೀವು ಹೇಳ್ತಿದ್ರಾ? ಅದಕ್ಕೆ ನಾನೇ ಒಂದು ದಾರಿ ಮಾಡ್ದೆ. ಅವನು ಕೈಗರಗಸದ ಹಿಡಿಯಿಂದ ಕಾಂಡಕ್ಕೆ ಎರಡು ಏಟು ಹೊಡೀಬೇಕು, ಕೆಳಗೆ ಖಾಲಿನಾ ಅಂತ. ನಾನು ದೊಣ್ಣೇಲಿ ತಿರುಗಿ ಎರಡು ಹೊಡೀಬೇಕು, ಖಾಲಿ ಅಂತ. ಓರಸಾ ಎದುರಿಗಿದ್ರೆ ಬುದ್ಧನ್ನ ಕೆನ್ನೆಗೆ ಒತ್ಕೊಂಡು ಒಂದ್ಸಲ ಕೂಗಿ ತೋರಿಸ್ತಿದ್ದ. ಅವಳು ಅತ್ತ ಹೋದ್ಲಾ, ಮತ್ತೆ ಟಕ್ ಟಕ್. ಎರಡು ವರ್ಷ ನಡೀತು ಮೇ ಉಯ್, ಏನೂ ಆಗ್ಲಿಲ್ಲ."

"ಅವತ್ತು?"

"ಅವತ್ತು ಶಾಲೆಯ ಬೇಲಿಗೆ ಬಡಗಿ ಮೊಳೆ ಹೊಡೀತಿದ್ದ. ನಾನು ಕೊಂಬೆ ಕೆಳಗೆ ಸಿಕ್ಕೊಂಡಿದ್ದ ಹಗ್ಗ ಎಳೀತಿದ್ದೆ, ದೊಣ್ಣೆ ನನ್ನ ಕೈಲೇ ಇರ್ಲಿಲ್ಲ. ಇವನ ಟಕ್ ಟಕ್ ಆ ಸದ್ದಲ್ಲಿ ನನಗೆ ಗೊತ್ತಾಗ್ಲಿಲ್ಲ. ಬಡಗಿ ಎರಡು ಏಟು ಹೊಡೆದು ನಿಲ್ಲಿಸ್ದ. ಇವನು ನಾನೇ ಹೊಡೆದೆ ಅಂದ್ಕೊಂಡ."

ಸೆಂಗ್ ಬಾವಿಯಿಂದ ಬರುವುದು ಕಂಡು ಎದ್ದೆ.

ಈಗ ಕೇಳು. ನಿನ್ನ ಅಜ್ಜನಿಗೆ ಒಂದು ಗೀರೂ ಆಗಲಿಲ್ಲ ಅಂದೆನಲ್ಲ, ಅದು ಸುಳ್ಳು. ಎರಡು ಸಲ ಬಿದ್ದಿದ್ದ. ಒಂದು ಸಲ ಪಕ್ಕೆಲುಬು, ಇನ್ನೊಂದು ಸಲ ಮೊಣಕೈ. ನೀನು ಹೆದರಬಾರದು ಅಂತ ನಾನು ಅವನನ್ನು ಬೀಳದವನನ್ನಾಗಿ ಮಾಡಿದೆ. ಇನ್ನೊಂದು ಮಾತು. ಅವನು ಹತ್ತುತ್ತಿದ್ದುದು ಜೇನು ಕೀಳಲು. ಹುಳು ಬಾಯಿಗೆ ನುಗ್ಗುತ್ತಿದ್ದುದರಿಂದ ಬಾಯಿ ಹೇಗೂ ಮುಚ್ಚಿರಬೇಕಿತ್ತು. ಒಬ್ಬನೇ ಹೋಗುತ್ತಿದ್ದ. ಕೆಳಗೆ ಯಾರೂ ಇರುತ್ತಿರಲಿಲ್ಲ, ಕೂಗಿ ಯಾರಿಗೆ ಹೇಳಬೇಕಿತ್ತು? ನಿನ್ನ ಕೆಳಗೆ ಸೆಂಗ್‌ಳ ಗಂಡನಿದ್ದ.

ನನ್ನನ್ನು ಕಾಪಾಡಲು ಬಾಯಿ ಮುಚ್ಚಿಕೊಂಡು ಕೂತಿದ್ದೀಯ, ಗೊತ್ತಾಯಿತು. ಅಜ್ಜಿಯ ಹೆಸರು ಕೆಡುತ್ತದೆ ಅಂತ. ಎಷ್ಟು ಸೊಕ್ಕು ನಿನಗೆ! ನಾನು ಕೇಳಿದೆನಾ? ನಾಳೆಯೇ ಓರಸಾಳ ಮುಂದೆ ನಿಂತುಕೋ. ನನ್ನ ಅಜ್ಜಿ ಹೇಳಿದಳು, ನಾನು ಇಟ್ಟುಕೊಂಡೆ, ಅದಕ್ಕೇ ಕೂಗಲಿಲ್ಲ ಅನ್ನು. ಖಮ್‌ಮೂನ್ ಅಂತ ಹೆಸರು ಹಿಡಿದೇ ಹೇಳು. ನನ್ನ ತಪ್ಪನ್ನು ನಿನ್ನ ಬೆನ್ನ ಮೇಲೆ ಹೊತ್ತು ತಿರುಗಬೇಡ, ನನಗದು ಅವಮಾನ.

ಮೇ ಉಯ್


ಚಂತಬುರಿ
ಮಾರ್ಚ್ 14

ಮೇ ಉಯ್,

ನಿಮ್ಮ ಕಾಗದ ಓದಿ ಎರಡು ದಿನ ಬರೆಯಲಾಗಲಿಲ್ಲ. ನಾನು ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದು ತಿಳಿದಿದ್ದೀರಿ. ಹಾಗೆಯೇ ತಿಳಿದುಕೊಳ್ಳಲಿ, ಒಳ್ಳೆಯ ಹೆಸರು ಬರುತ್ತದೆ ಎಂದು ನನಗೂ ಅನ್ನಿಸಿತು. ಆದರೆ ಅದು ನಿಜವಲ್ಲ.

ನನಗೆ ಹೆದರಿಕೆ, ಮೇ ಉಯ್. ಮೊದಲ ದಿನದಿಂದಲೂ. ಹಗ್ಗದಲ್ಲಿ ಏರುವಾಗ ಅಷ್ಟಿಲ್ಲ. ಮಷಿನ್ ಚಾಲೂ ಆದಾಗ ಇಡೀ ಕೊಂಬೆ ನಡುಗುತ್ತದೆ, ನಡುಗುತ್ತಿರುವುದು ಕೊಂಬೆಯೋ ನನ್ನ ಕಾಲೋ ತಿಳಿಯುವುದಿಲ್ಲ. ಎರಡೂ ಕೈ ಮಷಿನ್ ಮೇಲೆ ಇರಬೇಕಾದ್ದರಿಂದ ಏನನ್ನೂ ಹಿಡಿದುಕೊಳ್ಳುವಂತಿಲ್ಲ. ಬಾಯಲ್ಲಿ ಆ ಮಣ್ಣಿನ ರುಚಿ ಇದ್ದರೆ ಮಾತ್ರ ಕಾಲು ನಿಲ್ಲುತ್ತದೆ. ನಾನು ಹಿಡಿದುಕೊಳ್ಳುವುದು ಅದೊಂದನ್ನೇ. ನೀವು ಹೇಳಿದಿರೆಂದು ಇಟ್ಟುಕೊಂಡೆ, ನಿಜ. ಆದರೆ ನೀವು ತೆಗೆ ಎಂದಿದ್ದರೂ ತೆಗೆಯುತ್ತಿರಲಿಲ್ಲ.

ಕಾರಣ ಹೇಳಿದರೆ ಪೀ ಓರಸಾ ಬಾಯಲ್ಲಿ ಇಟ್ಟುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಆಮೇಲೆ ನನಗೆ ಹಗ್ಗ ಕೊಟ್ಟರೂ ಹತ್ತಲಾರೆ. ಎಲ್ಲರೂ ನೋಡುತ್ತಾರೆ. ತಪ್ಪು ಮಾಡಿದವನೆಂದು ಗುಡಿಸುವುದು ಬೇರೆ, ಹೇಡಿಯೆಂದು ಗುಡಿಸುವುದು ಬೇರೆ. ಹೋದ ವಾರ ಎಲ್ಲರೂ ಊಟಕ್ಕೆ ಹೋಗಿದ್ದಾಗ ಬುದ್ಧನನ್ನು ಕತ್ತಿಗೆ ಹಾಕಿಕೊಂಡು ಮಷಿನ್ ಇಲ್ಲದೆ ಹತ್ತಿ ನೋಡಿದೆ. ಎರಡಾಳು ಎತ್ತರದಲ್ಲಿ ಕಾಂಡ ತಬ್ಬಿಕೊಂಡುಬಿಟ್ಟೆ. ಇಳಿಯಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಯಾರೂ ನೋಡಲಿಲ್ಲ.

ಇನ್ನೊಂದು ಇದೆ, ಅದನ್ನು ಬರೆಯದೆ ನಿದ್ದೆ ಬರುತ್ತಿಲ್ಲ. ನನ್ನ ಹಗ್ಗದಲ್ಲಿ ಈಗ ನಮ್ಮ ತಂಡದ ವಿಚಿತ್ ಹತ್ತುತ್ತಾನೆ. ಅವನೂ ನನ್ನನ್ನು ನೋಡಿಯೇ ತನ್ನ ತಾಯಿ ಕೊಟ್ಟದ್ದನ್ನು ಬಾಯಲ್ಲಿ ಇಟ್ಟುಕೊಳ್ಳಲು ಕಲಿತವನು. ನನಗೆ ಆದದ್ದು ಯಾಕೆಂದು ಅವನಿಗೂ ಗೊತ್ತಿಲ್ಲ. ಪೀ ಓರಸಾ ಇದ್ದಾಗ ಕೂಗುತ್ತಾನೆ. ಅವರು ಇನ್ನೊಂದು ಮರದ ಕಡೆ ಹೋದರೆ ಕಾಂಡ ಬಡಿಯುತ್ತಾನೆ. ಅವನ ಕೆಳಗೆ ಹಗ್ಗ ಹಿಡಿಯಲು ಹೊಸಬರೊಬ್ಬರು ಬಂದಿದ್ದಾರೆ. ನಾನು ಅಲ್ಲೇ ಎಲೆ ಗುಡಿಸುತ್ತಿರುತ್ತೇನೆ. ಟಕ್ ಟಕ್ ಕೇಳಿದಾಗಲೆಲ್ಲ ಪೊರಕೆ ನಿಲ್ಲುತ್ತದೆ.

ಬೈಯಿರಿ.

ಸಿಂಖಮ್


ಬಾನ್ ಪಾ ಲಾನ್
ಮಾರ್ಚ್ 20

ಸಿಂಖಮ್,

ಬೈಯಿರಿ ಅಂತ ಬೇರೆ ಬರೆದಿದ್ದೀಯ. ನಿನ್ನ ಅಪ್ಪಣೆಗೆ ಕಾದಿದ್ದೆನಾ?

ಕಾಗದದ ಕೊನೆಯ ಸಾಲುಗಳನ್ನು ಓದಿ ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಈ ಕಾಗದ ನಿನಗೆ ಸೇರಲು ಐದು ದಿನ. ಐದು ದಿನದಲ್ಲಿ ವಿಚಿತ್ ಎಷ್ಟು ಕೊಂಬೆ ಕುಯ್ಯುತ್ತಾನೆ? ಅದನ್ನು ಲೆಕ್ಕ ಹಾಕುವ ಬುದ್ಧಿ ನಿನಗೆ ಬರಲಿಲ್ಲವಾ? ಪೊರಕೆ ನಿಲ್ಲುತ್ತದಂತೆ. ಪೊರಕೆ ನಿಂತರೆ ಕೊಂಬೆ ನಿಲ್ಲುತ್ತದೇನೋ ದಡ್ಡ?

ಓರಸಾಳ ನಂಬರು ಇಡೀ ಊರಲ್ಲಿ ಸೆಂಗ್ ಒಬ್ಬಳ ಹತ್ತಿರ ಇದೆ. ಅವಳ ಮನೆಗೇ ಹೋದೆ. ಕೇಳದೆ ಒಳಗೆ ನುಗ್ಗಿದೆ.

"ಫೋನ್ ಹಚ್ಚೇ ಆ ಯಜಮಾನಿಗೆ."

"ಯಾಕೆ? ಮೊಮ್ಮಗನ್ನ ಮತ್ತೆ ಹಗ್ಗಕ್ಕೆ ಹತ್ತಿಸಿ ಅಂತ ಬೇಡ್ಕೊಳ್ಳೋಕಾ? ನನ್ನ ಫೋನಲ್ಲಿ ಆಗಲ್ಲ."

"ನಿನ್ನ ಗಂಡನ ಜಾಗದಲ್ಲಿ ಇನ್ನೊಬ್ಬಳ ಗಂಡ ನಿಂತಿದ್ದಾನೆ. ಹಚ್ಚು. ಆಮೇಲೆ ಬೈದ್ಕೋ."

ನನ್ನ ಮುಖ ನೋಡಿದಳು. ಹಚ್ಚಿದಳು. ನಾನು ಫೋನಿನಲ್ಲಿ ಕೂಗಿ ಹೇಳಿದೆ. "ಅಮ್ಮಾ, ನಾನು ಸಿಂಖಮ್ ಅಜ್ಜಿ. ಮರದ ಮೇಲೆ ಈಗ ಯಾರಿದ್ದಾರೋ ಅವರನ್ನ ಮೊದಲು ಇಳಿಸು. ಬಾಯಿ ತೆಗೆಸಿ ನೋಡು. ಬಾಯಲ್ಲಿ ಬುದ್ಧ ಇದ್ರೆ ಕೈಮುಗಿದು ಕತ್ತಿಗೆ ಹಾಕ್ಸು, ಅಂಗಿ ಒಳಗೆ. ಅದು ಹೊರಗೆ ಬರೋ ತನಕ ಮಷಿನ್ ಮುಟ್ಟಿಸ್ಬೇಡ." ಅವಳು, "ಅಜ್ಜೀ, ಸಿಂಖಮ್ ಕೂಗದೆ ಇದ್ದದ್ದು ಅದಕ್ಕಾ?" ಅಂತ ಕೇಳಿದಳು. "ಅದನ್ನ ಅವನೇ ಹೇಳ್ತಾನೆ. ಅವನಿಗೆ ಬಾಯಿದೆ," ಅಂದು ಇಟ್ಟೆ. ಸಂಜೆ ಅವಳೇ ತಿರುಗಿ ಮಾಡಿದಳಂತೆ. ಒಬ್ಬನ ಬಾಯಲ್ಲಿ ಅಲ್ಲ, ಇಬ್ಬರ ಬಾಯಲ್ಲಿ ಸಿಕ್ಕಿತಂತೆ. ಇನ್ನೊಬ್ಬ ಯಾರೆಂದು ನಿನಗೂ ಗೊತ್ತಿರಲಿಲ್ಲ, ನೋಡು.

ಸೆಂಗ್ ಎಲ್ಲ ಕೇಳಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಒಳಗೆ ತಿಪ್ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ಮಲಗಿದ್ದ, ಕಳ್ಳ. ನಾನು ಬುದ್ಧನನ್ನು ಕೊಟ್ಟದ್ದು, ಅಜ್ಜ ಬೀಳಲಿಲ್ಲ ಅಂತ ಸುಳ್ಳು ಹೇಳಿದ್ದು, ಎಲ್ಲವನ್ನೂ ಅಲ್ಲೇ ಹೇಳಿದೆ. ಮರುದಿನ ಉಪೋಸಥ ವ್ರತದ ದಿನ, ವಿಹಾರದಲ್ಲಿ ಇಡೀ ಊರಿನ ಹೆಂಗಸರು ಅಂಟು ಅನ್ನದ ಬುಟ್ಟಿ ಹಿಡಿದು ಕೂತಿದ್ದಾಗ ಎದ್ದು ನಿಂತು ಇನ್ನೊಂದು ಸಲ ಹೇಳಿದೆ. ಕಾಲು ನಡುಗಿತು. ನಿಂತಿದ್ದದ್ದು ನೆಲದ ಮೇಲೆ, ಆದರೂ ನಡುಗಿತು. ಹೇಳಿ ಮುಗಿಸಿದೆ.

ಸೆಂಗ್ ಕ್ಷಮಿಸಿದಳು ಅಂದುಕೊಳ್ಳಬೇಡ. "ನೀವು ಹೇಳಿದ್ದು ಆಯ್ತು. ಮರದ ಮೇಲಿದ್ದವನು ನೀವಲ್ಲ," ಅಂದಳು. ಆದರೆ ನಮ್ಮ ಗೇಟಿನ ಒಳಗೆ ಬಂದು ನಿಂತು ಅಂದಳು.

ಈಗ ನಿನ್ನ ಹೆದರಿಕೆಯ ಮಾತು. ಹೇಡಿ ಅನ್ನುತ್ತಾರಂತೆ. ಅನ್ನಲಿ. ನೆಲದಿಂದ ಹನ್ನೆರಡು ಮೀಟರ್ ಮೇಲೆ ಹಲ್ಲುಗಳ ಸರಪಣಿ ತಿರುಗುವ ಮಷಿನ್ ಹಿಡಿದವನಿಗೆ ಹೆದರಿಕೆ ಆಗದಿದ್ದರೆ ಅವನ ತಲೆಯಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ. ಎರಡು ವರ್ಷ ಹೆದರಿಕೊಂಡೇ ಹತ್ತಿದೆ, ಎರಡು ಕಡೆ ಕಟ್ಟಿಕೊಂಡೆ, ಒಂದು ಸಲವೂ ಒಂಟಿ ಕೈಯಲ್ಲಿ ಮಷಿನ್ ಹಿಡಿಯಲಿಲ್ಲ. ಅದನ್ನೆಲ್ಲ ಮಾಡಿಸಿದ್ದು ಹೆದರಿಕೆಯೇ. ನನಗೆ ಸಿಟ್ಟು ಅದರ ಮೇಲಿಲ್ಲ. ಎಪ್ಪತ್ತಾರು ವರ್ಷದ ಮುದುಕಿಗೆ ಕಾಗದದಲ್ಲೇ ಕೇಳಿಸಿದ ಟಕ್ ಟಕ್ ಪಕ್ಕದಲ್ಲೇ ಗುಡಿಸುತ್ತಿದ್ದ ನಿನಗೆ ಕೇಳಿಸಿಯೂ ನೀನು ಸುಮ್ಮನಿದ್ದೆಯಲ್ಲ, ಅದರ ಮೇಲೆ. ವಿಚಿತ್‌ನ ಕೆಳಗೆ ಒಂದು ಕೊಂಬೆ ಬಿದ್ದಿದ್ದರೆ ಈ ಮನೆಯ ಅನ್ನ ನಿನಗೆ ಇರುತ್ತಿರಲಿಲ್ಲ. ನಾನು ಬದುಕಿರುವ ತನಕ ಇರುತ್ತಿರಲಿಲ್ಲ. ಓದಿದೆಯಾ? ಇನ್ನೊಂದು ಸಲ ಓದು.

ಬುದ್ಧನನ್ನು ವಾಪಸು ಕಳಿಸಬೇಡ. ಕತ್ತಿನಲ್ಲಿ ಇರಲಿ. ಓರಸಾಳ ಮುಂದೆ ನಿಂತುಕೋ, ತಂಡದ ಎಲ್ಲರೂ ಇರಲಿ, ವಿಚಿತ್ ಇರಲಿ, ಆ ಎರಡನೆಯವನೂ ಇರಲಿ. ಬಡಗಿಯ ಸುತ್ತಿಗೆಯಿಂದ ಹಿಡಿದು ಊಟದ ಹೊತ್ತಿನಲ್ಲಿ ಕಾಂಡ ತಬ್ಬಿಕೊಂಡದ್ದರ ತನಕ ಹೇಳು. ಹೆದರಿಕೆಯ ಮಾತನ್ನು ನುಂಗಬೇಡ. ಅದನ್ನು ನುಂಗಿದರೆ ಉಳಿದ ಇಬ್ಬರೂ ನಾಳೆ ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಯಾಕೆಂದರೆ ಅವರಿಗೂ ಅದೇ ಹೆದರಿಕೆ. ಆಮೇಲೆ ಅವಳು ಹಗ್ಗ ಕೊಟ್ಟರೆ ಎಲ್ಲಕ್ಕಿಂತ ಗಿಡ್ಡ ಮರ ಕೇಳು. ಮಷಿನ್ ಕೆಳಗೇ ಇರಲಿ. ಎರಡಾಳು ಎತ್ತರಕ್ಕೆ ಹೋಗಿ, ಅಲ್ಲಿಂದ "ಕೆಳಗೆ ಖಾಲಿನಾ" ಅಂತ ಕೂಗು. ನಾಲಿಗೆ ತೊದಲಿದರೂ ಕೂಗು. ಕೆಳಗಿನಿಂದ ಮನುಷ್ಯನ ದನಿ ಬರುತ್ತದೆ, ಅದನ್ನು ಹಿಡಿದುಕೊಂಡು ಇನ್ನೊಂದು ಆಳು ಮೇಲೆ ಹೋಗು. ಆಗಲಿಲ್ಲವಾದರೆ ಇಳಿದು ಪೊರಕೆ ಹಿಡಿ, ಗುಡಿಸುವವನ ಅಜ್ಜಿಯಾಗಿರಲು ನನಗೇನೂ ಕಡಿಮೆಯಿಲ್ಲ.

ಹೇಳಿದೆಯಾ, ಯಾರೆಲ್ಲ ಇದ್ದರು, ಅವರ ಮುಖಗಳು ಹೇಗಿದ್ದವು, ಹತ್ತಿದೆಯಾ ಇಲ್ಲವಾ, ಎಲ್ಲ ಬೇಕು ನನಗೆ. ನಿನ್ನ ಕೈಯಲ್ಲೇ ಬರೆದು ಬೇಕು, ಸೆಂಗ್‌ಳ ಬಾಯಿಂದ ಬೇಡ. ಏಪ್ರಿಲ್ ಹುಟ್ಟುವ ಮೊದಲು ನಿನ್ನ ಕಾಗದ ಅಂಚೆಗೆ ಬಿದ್ದಿರಬೇಕು. ಏಳು. ಬರಿ.

ಮೇ ಉಯ್